ಮೊದಲ ಕಂಬ ನೆಟ್ಟ ಕೈ

ನನ್ನ ಯಜಮಾನರ ಹೆಸರು ಕೆರಿಯಪ್ಪ. ಅವರು ಬದುಕಿದ್ದಾಗ ಒಂದು ದಿನವೂ ಈ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ. ಈಗ ಬರೆಯುತ್ತಿದ್ದೇನೆ. ಯಾಕೆಂದರೆ ವರದಾ ಹೊಳೆಯ ಆ ಕಡವಿನ ಮಾತು ಬಂದಾಗಲೆಲ್ಲ ಜನ ನನ್ನ ತಮ್ಮನ ಹೆಸರು ಹೇಳುತ್ತಾರೆ. ಚೌಡಪ್ಪನ ಕಡವು ಎಂದೇ ಅದಕ್ಕೆ ಹೆಸರಾಗಿದೆ. ಆ ಕಡವನ್ನು ಕಾದವರು ಕೆರಿಯಪ್ಪನವರು, ಅವರಿಗಿಂತ ಮೊದಲು ಅವರ ಅಪ್ಪ.

ಕಡವು ಎಂದರೆ ದೋಣಿ ದಾಟಿಸುವ ಜಾಗ. ನಮ್ಮದು ಬನವಾಸಿಯಿಂದ ಸ್ವಲ್ಪ ದೂರದಲ್ಲಿತ್ತು. ಈಚೆ ದಡ ಶಿರಸಿ ತಾಲ್ಲೂಕು, ಮುಂಬೈ ಸರಕಾರದ್ದು. ಆಚೆ ದಡ ಸೊರಬದ ಕಡೆ, ಮೈಸೂರು ಮಹಾರಾಜರದ್ದು. ಸಂತೆಗೆ ಹೋಗುವವರು, ಬೀಗರ ಮನೆಗೆ ಹೋಗುವವರು, ಮೆಣಸಿನಕಾಯಿ ಚೀಲ, ಆಡು, ಕುಂಬಾರರ ಗಡಿಗೆ, ಒಮ್ಮೊಮ್ಮೆ ಅಳುತ್ತ ಕೂತ ಮದುಮಗಳು, ಎಲ್ಲ ನಮ್ಮ ದೋಣಿಯಲ್ಲೇ ದಾಟಬೇಕಿತ್ತು.

ನೋಡಿದವರಿಗೆ ಅಂಬಿಗನ ಕೆಲಸವೆಂದರೆ ಹುಟ್ಟು ಹಾಕುವುದು ಅಷ್ಟೇ ಅನಿಸುತ್ತದೆ. ಹುಟ್ಟು ಹಾಕುವುದು ಕೊನೆಯ ಕೆಲಸ. ಮಳೆಗಾಲದಲ್ಲಿ ಹೊಳೆ ಎಲ್ಲಿಂದಲೋ ಮರ ಕಿತ್ತು ತರುತ್ತದೆ. ಅದು ದೋಣಿಯ ದಾರಿಯಲ್ಲಿ ಹೂತು ಕೂತರೆ ಕಡಿದು, ಹಗ್ಗ ಕಟ್ಟಿ, ಎತ್ತು ಹೂಡಿ ದಡಕ್ಕೆ ಎಳೆಯಬೇಕು. ನೆರೆ ಬಂದ ಸಂಜೆ ದಡದ ಮತ್ತಿಮರಕ್ಕೆ ಕಂದೀಲು ತೂಗಬೇಕು. ಆಚೆಯಿಂದ ಬರುವವನಿಗೆ ಇಳಿಯುವ ಜಾಗ ಗೊತ್ತಾಗುವುದು ಆ ಬೆಳಕಿನಿಂದಲೇ. ಮಳೆ ನಿಂತು ನೀರು ಇಳಿದ ಮೇಲೆ ಗುರುತಿನ ಕಂಬ ನೆಡಬೇಕು. ಹೊಳೆಯ ಬಂಡೆಗಳು ಇದ್ದಲ್ಲೇ ಇರುತ್ತವೆ, ಮರಳು ಮಾತ್ರ ಪ್ರತಿ ವರ್ಷ ಜಾಗ ಬದಲಿಸುತ್ತದೆ. ಬಂಡೆಗೂ ಮರಳಿಗೂ ನಡುವೆ ದೋಣಿಗೆ ದಾರಿ ಎಲ್ಲಿದೆ ಎಂದು ಕಾಲಲ್ಲಿ ತಡವಿ ನೋಡಿ, ಎರಡೂ ಬದಿಗೆ ಬಿದಿರಿನ ಕಂಬ ನೆಡುತ್ತಿದ್ದರು. ಒಂದು ಬದಿಯ ಕಂಬಗಳ ತುದಿಗೆ ಹುಲ್ಲಿನ ಸಿಂಬೆ, ಇನ್ನೊಂದು ಬದಿಯವು ಬರಿದು. ಬೆಳಗಿನ ಮಂಜಿನಲ್ಲಿಯೂ ಯಾವ ಬದಿ ಯಾವುದು ಎಂದು ತಿಳಿಯುತ್ತಿತ್ತು.

ಕಂಬ ನೆಡುವುದಕ್ಕೆ ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಕಂಬವನ್ನು ಕಡವಿನವನು ನೆಡುವುದಿಲ್ಲ. ಅವನ ಹೆಂಡತಿಯ ತವರಿನವನು, ಅಣ್ಣನೋ ತಮ್ಮನೋ, ಬಂದು ನೆಡಬೇಕು. ಹೊಳೆ ಎಂದರೆ ಗಂಗವ್ವ, ಹೆಣ್ಣು, ಅವಳಿಗೆ ಕಟ್ಟು ಹಾಕುವಾಗ ತವರಿನ ಕೈ ಇರಬೇಕು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಕಡವಿನವನು ಬುಡ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲಬೇಕು. ನೀರಿಗೆ ಇಳಿದ ಹೊತ್ತಿನಿಂದ ಆ ಕಂಬ ಅಲುಗದೆ ನಿಲ್ಲುವತನಕ ಅವನು ಮಾತಾಡುವಂತಿಲ್ಲ. ದಡದಲ್ಲಿ ಆರತಿ ಹಿಡಿದು ನಿಂತ ಅವನ ಹೆಂಡತಿಯೂ ಆಡುವಂತಿಲ್ಲ. ಆಡಿದರೆ ಗಂಗವ್ವ ಕಂಬ ಒಪ್ಪುವುದಿಲ್ಲ, ಆ ವರ್ಷ ಒಂದು ಜೀವ ಕೇಳುತ್ತಾಳೆ ಎಂಬ ನಂಬಿಕೆ. ಕಂಬ ನೆಡುವ ತವರಿನವನು ಮಾತ್ರ ಮಾತಾಡಬಹುದು. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಮನೆಯ ಪರವಾಗಿ ಅವನೇ ಉತ್ತರ ಕೊಡಬೇಕು. ನಮ್ಮ ಮಾವನವರ ಕಾಲಿಗೆ ಒಮ್ಮೆ ನೀರಿನೊಳಗೆ ಮೀನಿನ ಮುಳ್ಳು ಚುಚ್ಚಿ ರಕ್ತ ಬಂದಾಗಲೂ ಬಾಯಿ ಬಿಡಲಿಲ್ಲವಂತೆ.

ನನ್ನ ತವರು ಎಕ್ಕಂಬಿ. ನಮ್ಮವ್ವ ತೀರಿಕೊಂಡಾಗ ಚೌಡಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ನಾನು ಮದುವೆಯಾಗಿ ಬರುವಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದೆ. ನಗುವವರು ನಕ್ಕರು. ಯಜಮಾನರು ನಗಲಿಲ್ಲ. "ತವರಿನವನು ಮನಿಯಾಗ ಅದಾನ, ಕಂಬ ನೆಡಾಕ ಎಲ್ಲೂ ಹುಡುಕೂದು ಬ್ಯಾಡ," ಎಂದರು. ಕೈಗೆ ಬಲ ಬಂದ ವರ್ಷದಿಂದ ಮೊದಲ ಕಂಬ ಅವನೇ ನೆಟ್ಟ. ನೆಡುವ ಮೊದಲು ನೀರಿಗೆ ಕೈ ಮುಗಿಯುತ್ತಿದ್ದ. ಕಂಬ ನಿಂತ ಕೂಡಲೆ ಯಜಮಾನರು ಬಾಯಿ ಬಿಟ್ಟು, "ಇಷ್ಟೊತ್ತು ನಿನಗ ಬೈಯೂ ಮಾತೆಲ್ಲ ನುಂಗಿದ್ದೆ, ಈಗ ಕೇಳು," ಎಂದು ಅವನ ತಲೆಗೆ ನೀರು ಎರಚುತ್ತಿದ್ದರು. ಅವನು ಮುಳುಗಿ ದೂರ ಹೋಗಿ ಏಳುತ್ತಿದ್ದ. ದೋಣಿ, ಹುಟ್ಟು, ಮರಳಿನ ನಡೆ ಎಲ್ಲ ಅವರೇ ಕಲಿಸಿದರು.

ದೊಡ್ಡವನಾದ ಮೇಲೆ ಚೌಡಪ್ಪ ಎಕ್ಕಂಬಿಯ ಹತ್ತಿರ ರಸ್ತೆ ಕೆಲಸಕ್ಕೆ ಸೇರಿದ. ಬೇಗ ಕೂಲಿಗಳ ಮೇಲಿನ ಮುಕಾದಮನಾದ. ಕೋಟು ಹಾಕಲು ಕಲಿತ, ನಾಲ್ಕು ಮರಾಠಿ ಮಾತು ಕಲಿತ. ಸಾಹೇಬರ ಮುಂದೆ ಎಷ್ಟು ಬಗ್ಗಬೇಕು, ಎಲ್ಲಿ ನೆಟ್ಟಗೆ ನಿಲ್ಲಬೇಕು ಎಂಬುದೂ ಗೊತ್ತಾಯಿತು. ಆದರೂ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಕಂಬ ನೆಡಲು ಬರುವುದನ್ನು ತಪ್ಪಿಸಿರಲಿಲ್ಲ. ನಾನು ಅವನಿಗೆ ಹೊಸ ಪಂಚೆ ಕೊಡುತ್ತಿದ್ದೆ.

ಯುವ ಸಂವತ್ಸರ, ಮೂವತ್ತೈದನೆಯ ಇಸವಿ. ಆ ಮಳೆಗಾಲದಲ್ಲಿ ಊರಲ್ಲಿ ಡಂಗುರ ಹೊಡೆದರು. ಗಡಿಯ ಹೊಳೆಯಲ್ಲಿ ಇನ್ನು ಪರವಾನಗಿ ಇಲ್ಲದೆ ದೋಣಿ ಬಿಡಬಾರದು. ಒಂದೊಂದು ಕಡವಿಗೂ ಒಬ್ಬನ ಹೆಸರು ಬರೆಸಬೇಕು. ಕಂಬ ನೆಡುವುದು, ಕಂದೀಲು ಹಚ್ಚುವುದು, ಬಿದ್ದ ಮರ ತೆಗೆಯುವುದು, ದೋಣಿಗೆ ಹೆಚ್ಚು ಜನ ತುಂಬದಿರುವುದು, ಎಲ್ಲ ಅವನ ತಲೆಯ ಮೇಲೆ. ತಪ್ಪಿದರೆ ಪರವಾನಗಿ ಹೋಗುತ್ತದೆ.

ಯಜಮಾನರಿಗೆ ಆ ಕೆಲಸ ಯಾವುದೂ ಹೊಸದಲ್ಲ. ಹೆಸರು ಬರೆಸುವುದೇ ಹೊಸದು. ಅವರು ಶಿರಸಿಗೆ ಹೋಗಿದ್ದು ಜಾತ್ರೆಗೆ ಮಾತ್ರ, ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಚೌಡಪ್ಪ ಬಂದವನು ನಕ್ಕ.

"ನಾ ಅದೀನಲ್ಲ ಭಾವ. ನೀವು ಯಾಕ ಹೋಗ್ತೀರಿ? ಅಲ್ಲಿ ಹೋಗಿ ನಿಂತರ ನಿಮ್ಮನ್ನ ಅರ್ಜಿದಾರ ಅಂತಾರೋ ಆರೋಪಿ ಅಂತಾರೋ ನಿಮಗ ಗೊತ್ತಾಗೂದಿಲ್ಲ."

"ಎರಡರಾಗ ಒಂದು ಅಂದ್ರ ಸಾಕು, ದೋಣಿ ಕೊಟ್ಟರ ಆತು," ಎಂದರು ಯಜಮಾನರು. ನಾವು ಮೂವರೂ ನಕ್ಕೆವು.

ಶಿರಸಿಯ ದಾವೂದ ಸಾಬರು ಕಮಾನು ಗಾಡಿ ಹೊಡೆಯುತ್ತಿದ್ದರು. ಬನವಾಸಿಯ ದಾರಿ ಅವರದೇ. ನಮ್ಮ ಕಡವಿಗೆ ಬಂದಾಗ ಎತ್ತು ಬಿಟ್ಟು, ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಹೋಗುವವರು. ಅವರ ಗಾಡಿಯಲ್ಲಿ ಚೌಡಪ್ಪ ಶಿರಸಿಗೆ ಹೋಗಿ ಬಂದ. ಮತ್ತೆ ಹೋದ. ಕೊನೆಗೆ ಬಂದು ಹೇಳಿದ, "ಎಲ್ಲಾ ಆತು ಭಾವ. ಓವರ್ಸಿಯರ್ ಸಾಹೇಬ್ರು ಒಮ್ಮೆ ಬಂದು ಕಡವು ನೋಡ್ತಾರ. ಅಲ್ಲೇ ಹೆಸರು ಬರಕೊಂಡು ಹೋಗ್ತಾರ."

"ಯಾವತ್ತು ಬರ್ತಾರ?" ಎಂದು ನಾನು ಕೇಳಿದೆ.

"ಅವರ ಸವಡು ಪುರಸೊತ್ತು ನೋಡಿ ಬರ್ತಾರ ಅಕ್ಕ."

ಅವರು ಬಂದದ್ದು ಕಂಬ ನೆಡುವ ದಿನವೇ. ಯಜಮಾನರೂ ಚೌಡಪ್ಪನೂ ಆಗಲೇ ಎದೆಮಟ್ಟದ ನೀರಿನಲ್ಲಿದ್ದರು. ನಾನು ದಡದಲ್ಲಿ ಆರತಿ ಹಿಡಿದು ನಿಂತಿದ್ದೆ. ದಾವೂದ ಸಾಬರ ಗಾಡಿ ಬಂದು ಮತ್ತಿಮರದ ಕೆಳಗೆ ನಿಂತಿತು. ಸಾಹೇಬರು ಇಳಿದು, ನೀರಿನ ಅಂಚಿಗೆ ಬಂದು ಕೇಳಿದರು.

"ಈ ಕಡವು ನೋಡಿಕೊಳ್ಳುವವರು ಯಾರು?"

"ನಾನ ಸಾಹೇಬ್ರ," ಎಂದ ಚೌಡಪ್ಪ. ಅವನ ಕೈ ಕಂಬದ ಮೇಲಿತ್ತು.

ಯಜಮಾನರ ಕಣ್ಣಲ್ಲಿ ನಗು ಕಂಡಿತು. ಮನೆಯ ಪರವಾಗಿ ಆಡುತ್ತಿದ್ದಾನೆ ಎಂದುಕೊಂಡರು. ನಾನೂ ಹಾಗೆಯೇ ತಿಳಿದೆ.

"ಕಂಬ, ಕಂದೀಲು, ಬಿದ್ದ ಮರ, ಎಲ್ಲದರ ಜವಾಬ್ದಾರಿ ನಿಮ್ಮದೇ?"

"ನಂದ ರೀ."

"ಮತ್ತೆ ಇವರು?"

"ನಮ್ಮ ಭಾವ. ಕೈಜೋಡಿಸ್ತಾರ."

ಆಗ ಯಜಮಾನರು ತಲೆ ಎತ್ತಿದರು. ಬುಡ ಹಿಡಿದ ಕೈ ಬಿಡಲಿಲ್ಲ. ಸಾಹೇಬರು ಕೆಟ್ಟವರಲ್ಲ, ಕೇಳಬೇಕಾದ್ದನ್ನು ಕೇಳಿದರು. "ಏನಪ್ಪ, ಇವರು ಹೇಳುವುದು ಸರಿಯೇ?" ಎಂದು ನೇರವಾಗಿ ಯಜಮಾನರನ್ನೇ ಕೇಳಿದರು. ಯಜಮಾನರು ಕಂಬ ನೋಡಿದರು, ನನ್ನನ್ನು ನೋಡಿದರು. ಕಂಬ ಇನ್ನೂ ನಿಂತಿರಲಿಲ್ಲ. ಚೌಡಪ್ಪ ಅದನ್ನು ಒತ್ತುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ. ನೀರಿನ ಸೆಳೆತಕ್ಕೆ ಅದು ಆಚೀಚೆ ಆಡುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಾಹೇಬರು ಸ್ವಲ್ಪ ಕಾದು, ಬರೆದುಕೊಂಡು, ಗಾಡಿಯ ಕಡೆ ತಿರುಗಿದರು. ಅವರು ಗಾಡಿ ಹತ್ತಿ ಕೂತ ಮೇಲೆ ಚೌಡಪ್ಪ ಮೈಭಾರ ಹಾಕಿ ಕಂಬ ಒತ್ತಿದ. ಒಂದೇ ಸಲಕ್ಕೆ ನಿಂತಿತು.

ಯಜಮಾನರು ಒದ್ದೆ ಬಟ್ಟೆಯಲ್ಲೇ ಓಡಿದರು. ಗಾಡಿ ತಿರುವು ದಾಟುವ ಮೊದಲು ಹಿಡಿದರು. "ಸಾಹೇಬ್ರ, ಕಡವು ನಂದು ರೀ. ನಮ್ಮಪ್ಪಂದು."

"ಕೇಳಿದೆನಲ್ಲಪ್ಪ, ಆಗ ಯಾಕೆ ಸುಮ್ಮನಿದ್ದೆ?"

ಯಜಮಾನರು ಕಟ್ಟಳೆಯ ಮಾತು ಹೇಳಿದರು. ಸಾಹೇಬರು ಕೇಳಿದರು, ನಗಲಿಲ್ಲ. "ಪರವಾನಗಿ ಒಂದು ವರ್ಷದ್ದು. ಮುಂದಿನ ವರ್ಷ ಹೊಸದಾಗಿ ಬರೆಯುವಾಗ ನಾನೇ ಬರುತ್ತೇನೆ. ಹೆಸರು ಬದಲಿಸಬೇಕಾದರೆ ಇಬ್ಬರೂ ಒಪ್ಪಿ ನನ್ನೆದುರು ಹೇಳಿರಿ," ಎಂದು ಹೋದರು.

ಊಟಕ್ಕೆ ಕೂತಾಗ ಚೌಡಪ್ಪನ ಮುಖದಲ್ಲಿ ಅಳುಕು ಇರಲಿಲ್ಲ.

"ಹೆಸರು ಯಾರದಾದ್ರೇನು ಭಾವ? ಕಂದೀಲು ಆರಿತು ಅಂತ ಯಾರರ ಕಾಗದ ಬರದ್ರ, ಕಚೇರಿಗೆ ಹೋಗಿ ನಿಂತು ಉತ್ತರ ಕೊಡಾಕ ನಿಮ್ಮ ಕೈಲೆ ಆಗ್ತೈತೇನು? ತಲಿ ನಂದಿರ್ಲಿ, ದೋಣಿ ನಿಮ್ಮದ."

"ಹಂಗಾದ್ರ ಕಂಬ ಯಾಕ ಒತ್ತಲಿಲ್ಲ?" ಎಂದೆ ನಾನು.

"ಬುಡಕ್ಕ ಕಲ್ಲಿತ್ತು ಅಕ್ಕ."

"ಆ ಜಾಗದಾಗ ಕಲ್ಲಿಲ್ಲ. ಎಂದೂ ಇದ್ದಿಲ್ಲ."

"ಏ ಮುರಿಗೀ, ಉಣ್ಣುವಾಗ ಬ್ಯಾಡ," ಎಂದು ಯಜಮಾನರು ನನ್ನನ್ನು ತಡೆದರು. ಅವನ ಎಲೆಗೆ ಇನ್ನಷ್ಟು ಅನ್ನ ಬಡಿಸಲು ಹೇಳಿದರು. ನಾನು ಬಡಿಸಿದೆ.

ಆ ವರ್ಷ ಚೌಡಪ್ಪ ರಸ್ತೆ ಕೆಲಸ ಬಿಟ್ಟು, ಹೆಂಡತಿಯೊಡನೆ ಕಡವಿನ ಹತ್ತಿರವೇ ಮನೆ ಮಾಡಿದ. ದಡದಲ್ಲಿ ತಗಡಿನ ಮಾಡು ಹಾಕಿಸಿ, ಬೆಂಚು ಇಟ್ಟು, ಕೋಟು ಹಾಕಿಕೊಂಡು ಕೂತ. ದೋಣಿ ನಡೆಸಿದವರು, ಕಂದೀಲು ಹಚ್ಚಿದವರು, ಮಳೆಗಾಲದಲ್ಲಿ ಕತ್ತಿನವರೆಗಿನ ನೀರಿನಲ್ಲಿ ನಿಂತು ಹೊನ್ನೆ ಮರ ಕಡಿದು ತೆಗೆದವರು ಯಜಮಾನರು. ದಾಟುವವರು ಬಾಯಿ ಸುಮ್ಮನೆ ಇಟ್ಟುಕೊಳ್ಳುತ್ತಾರೆಯೇ? ಆಚೆ ದಡದ ಸಾವಿತ್ರವ್ವ ಎಂಬವಳು ದೋಣಿಯಲ್ಲಿ ಕೂತೇ ಕೇಳಿದಳು, "ಏನು ಕೆರಿಯಪ್ಪಣ್ಣ, ಮೈದುನಗ ಕೋಟು ಬಂತು, ನಿನಗ ಯಾವಾಗ?"

"ನಂದು ನೀರಾಗ ನೆನೀತೈತಿ ಅಂತ ಅವಂಗ ಕೊಟ್ಟೀನಿ," ಎಂದರು ಇವರು. ದೋಣಿ ತುಂಬ ನಗು. ಮನೆಗೆ ಬಂದಾಗ ಅವರು ನಗುತ್ತಿರಲಿಲ್ಲ.

ಮಳೆ ಕಡಿಮೆಯಾದ ಮೇಲೆ ದಾವೂದ ಸಾಬರು ನಮ್ಮ ಜಗಲಿಗೆ ಬಂದರು. ಮಜ್ಜಿಗೆ ಕೊಟ್ಟರೆ ಕುಡಿಯದೆ ಲೋಟ ಕೈಯಲ್ಲೇ ಹಿಡಿದುಕೊಂಡು ಕೂತರು.

"ಕೆರಿಯಪ್ಪಾ, ವರ್ಷ ಆಯ್ತು, ಹೇಳ್ಲೋ ಬ್ಯಾಡೋ ಅಂತಿದ್ದೆ. ಹೋದ ಸಲ ಸಾಹೇಬ್ರು ಸಂತೆ ದಿನ ಬರ್ತೀನಿ ಅಂದಿದ್ರು. ನಿನ್ನ ಮೈದುನ ಬ್ಯಾಡ ಅಂದ. ಕಂಬ ನೆಡೋ ದಿನಾನೇ ಬನ್ನಿ, ಹೊತ್ತು ಮೀರಿಸ್ಬ್ಯಾಡಿ, ನಾನು ನೀರಲ್ಲಿರ್ತೀನಿ ಅಂದ. ಗಾಡಿ ಹೊಡೀತಿದ್ದೋನು ನಾನೇ."

ನನ್ನ ಕೈಯಲ್ಲಿದ್ದ ಚೆಂಬು ನೆಲಕ್ಕಿಟ್ಟೆ. ಯಜಮಾನರು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ದಾವೂದಾ, ಗಾಡಿ ಹೊಡಿಯೂ ಮುಂದ ಎತ್ತಿನ ಮಾತು ಕೇಳಬೇಕು, ಮಂದಿ ಮಾತು ಕೇಳಬಾರದು."

"ಎತ್ತು ಸುಳ್ಳು ಹೇಳಲ್ಲ ಅಂತ ಅದನ್ನೇ ಕೇಳ್ತಿದ್ದೆ. ಇದು ಕಿವಿಗೆ ತಾನಾಗೇ ಬಿತ್ತು," ಎಂದು ದಾವೂದ ಸಾಬರು ಎದ್ದು ಹೋದರು. ಮಜ್ಜಿಗೆ ಹಾಗೆಯೇ ಉಳಿಯಿತು.

ಅದಾದ ಕೆಲವು ದಿನಕ್ಕೆ ಚೌಡಪ್ಪನೇ ಬಂದ. ಕಂಬ ನೆಡುವ ಕಾಲ ಹತ್ತಿರವಾಗಿತ್ತು. ಕಡವಿನವನು ಈಗ ಅವನು, ಹಾಗಾಗಿ ಅವನ ಹೆಂಡತಿಯ ತವರಿನವನು ನೆಡಬೇಕು. ಅವಳಿಗೆ ಒಡಹುಟ್ಟಿದವರೇ ಇಲ್ಲ.

"ಭಾವ, ಈ ಸಲ ಮೊದಲ ಕಂಬ ನೀವ ನೆಡ್ರಿ," ಎಂದ. ಅಷ್ಟು ಹೇಳಿ, ಎಲೆಅಡಿಕೆ ಹಾಕಿಕೊಂಡು ಹೋದ.

ಅವನು ಹೋದದ್ದೇ ಯಜಮಾನರ ಮುಖ ಬೇರೆಯಾಯಿತು. ಒಲೆಯ ಮುಂದೆ ಬಂದು ಕೂತರು.

"ತಿಳೀತೇನು? ಕಂಬ ನನ್ನ ಕೈಗೆ ಕೊಟ್ಟಾನ ಅಂದ್ರ ಮಾತೂ ನನಗ ಕೊಟ್ಟಾನ. ಅಂವ ಸುಮ್ಮನಿರಬೇಕು. ಸಾಹೇಬ್ರು ಕೇಳ್ತಾರ, ನಾ ಹೇಳ್ತೀನಿ, ಅಂವ ಅಲ್ಲ ಅನ್ನೂದಿಲ್ಲ. ಬಾಯಿಲೆ ತಗೋ ಭಾವ ಅನ್ನಾಕ ನಾಚಿಕಿ. ಅದಕ್ಕ ಹಿಂಗ ಮಾಡ್ಯಾನ."

"ಹಂಗ ಅಂತ ಅಂವ ಹೇಳಿದ್ನೇನು?"

"ಹೇಳೂದು ಯಾಕ? ಕಂಬ ನೆಡೂದು ಏನಂತ ಅವಂಗ ಗೊತ್ತಿಲ್ಲೇನು? ನನ್ನ ಕೈಯಾಗ ಬೆಳದಾಂವ."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಅವರು ಅಷ್ಟು ಹಗುರಾಗಿ ಮಾತಾಡಿ ವರ್ಷವಾಗಿತ್ತು. ಅವರ ಪಂಚೆಯನ್ನು ಬೂದಿನೀರಿನಲ್ಲಿ ನೆನೆಸಿ ಬೆಳ್ಳಗೆ ಒಗೆದೆ. ಬಿದಿರು ಅವರೇ ಆರಿಸಿ ತಂದರು. ತುದಿ ಚೂಪು ಮಾಡಿದರು, ನೋಡಿದರು, ಮತ್ತೆ ಸ್ವಲ್ಪ ಕೆತ್ತಿದರು.

ಆ ದಿನ ಸಾಹೇಬರು ಹೇಳಿದ ಹಾಗೆ ಬಂದರು. ಗಾಡಿ ದಾವೂದ ಸಾಬರದೇ. ಆರತಿ ಹಿಡಿದದ್ದು ಚೌಡಪ್ಪನ ಹೆಂಡತಿ. ನಾನು ಬರಿಗೈಯಲ್ಲಿ ಪಕ್ಕಕ್ಕೆ ನಿಂತಿದ್ದೆ. ನೀರಿನಲ್ಲಿ ಯಜಮಾನರ ಕೈ ಕಂಬದ ಮೇಲೆ, ಚೌಡಪ್ಪನ ಕೈ ಬುಡದ ಹತ್ತಿರ.

ಸಾಹೇಬರು ಹಾಳೆ ಬಿಡಿಸಿಕೊಂಡು ಕೇಳಿದರು. "ಪರವಾನಗಿ ಈ ವರ್ಷವೂ ಅದೇ ಹೆಸರಿನಲ್ಲಿ ಇರಲೋ, ಬದಲು ಏನಾದರೂ ಇದೆಯೋ?"

ಯಜಮಾನರು ಗಂಟಲು ಸರಿಮಾಡಿಕೊಂಡರು. ಮೊದಲ ಅಕ್ಷರ ಹೊರಡುವಷ್ಟರಲ್ಲಿ ಚೌಡಪ್ಪ, "ಅದ ಇರ್ಲಿ ಸಾಹೇಬ್ರ, ಬದಲು ಏನಿಲ್ಲ," ಎಂದ. ಸುಣ್ಣ ಕೊಡು ಎಂದು ಪಕ್ಕದವನನ್ನು ಕೇಳುವ ಹಾಗೆ ಹೇಳಿದ. ಕಂಬ ಇನ್ನೂ ಅಲುಗುತ್ತಿತ್ತು.

"ಚೌಡಾ, ಕಂಬ ನಿಂತಿಲ್ಲ. ನೀ ಮಾತಾಡಬಾರದು," ಎಂದು ನಾನು ದಡದಿಂದ ಕೂಗಿದೆ.

ಅವನು ನನ್ನ ಕಡೆ ತಿರುಗಿ ನಕ್ಕ. ಸಿಟ್ಟಿನ ನಗುವಲ್ಲ, ಸಣ್ಣ ಮಕ್ಕಳ ಮಾತಿಗೆ ನಗುವಂಥದ್ದು. "ಬಿಡು ಅಕ್ಕ. ಗಂಗವ್ವಗ ಯಾರು ಮಾತಾಡಿದ್ರು ಅಂತ ನೋಡಕೋತ ಕೂರೂದ ಕೆಲಸೇನು?"

ಯಜಮಾನರಿಗೆ ಆಗ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ. ಕಟ್ಟಳೆಯಂತೆ ಮಾತು ಅವರದೇ. ಸಾಹೇಬರೂ ಅವರ ಮುಖವನ್ನೇ ನೋಡುತ್ತಿದ್ದರು. ದಾವೂದ ಸಾಬರು ಗಾಡಿಯಿಂದ ಇಳಿದು ನಿಂತಿದ್ದರು. ಯಜಮಾನರು ಚೌಡಪ್ಪನನ್ನು ಬಹಳ ಹೊತ್ತು ನೋಡಿದರು. ಕಡವು ಕೈಬಿಟ್ಟಿತೆಂದು ನೋಡಿದ ನೋಟ ಅಲ್ಲ ಅದು. ಹೋದ ವರ್ಷ ನೀರಿನಲ್ಲಿ ನಿಂತ ಇಬ್ಬರಲ್ಲಿ ಕಟ್ಟಳೆ ನಂಬಿದ್ದವರು ಅವರೊಬ್ಬರೇ, ಚೌಡಪ್ಪನಿಗೆ ಅದು ಅವರನ್ನು ಕಟ್ಟಿಹಾಕುವ ಹಗ್ಗ ಮಾತ್ರ ಎಂದು ಅವರಿಗೆ ಆ ಹೊತ್ತಿಗೆ ತಿಳಿಯಿತು.

ಕಂಬವನ್ನು ಮೇಲಕ್ಕೆ ಎಳೆದುಕೊಂಡರು. ಹೆಗಲಿಗೆ ಇಟ್ಟುಕೊಂಡು ದಡಕ್ಕೆ ಬಂದು, ಚೌಡಪ್ಪನ ಬೆಂಚಿನ ಮುಂದೆ ಉದ್ದಕ್ಕೆ ಮಲಗಿಸಿದರು.

"ಯಾಕಪ್ಪ, ಏನಾಯಿತು?" ಎಂದರು ಸಾಹೇಬರು.

"ಕಂಬ ನಿಲ್ಲಲಿಲ್ರಿ," ಎಂದರು ಯಜಮಾನರು. ಅಷ್ಟೇ ಹೇಳಿದ್ದು.

ಇಬ್ಬರೂ ಒಪ್ಪಿ ಹೇಳದೆ ಸಾಹೇಬರಾದರೂ ಏನು ಬರೆಯುತ್ತಾರೆ? ಹಳೆಯ ಹೆಸರೇ ಬರೆದರು. ನಾವು ದಡ ಹತ್ತಿ ಮನೆಗೆ ಬರುವಾಗ ಹಿಂದೆ ನೀರಿನ ಸದ್ದು ಕೇಳಿತು. ಚೌಡಪ್ಪ ಅದೇ ಕಂಬವನ್ನು ಒಯ್ದು ತಾನೇ ನೆಡುತ್ತಿದ್ದ.

ಆ ಕಾರ್ತಿಕ ಕಳೆಯುವ ಮೊದಲು ನಾವು ಊರು ಬಿಟ್ಟೆವು. ದಾವೂದ ಸಾಬರು ತಮ್ಮ ಗಾಡಿಯಲ್ಲೇ ಕರೆದುಕೊಂಡು ಹೋಗಿ ಕಿರವತ್ತಿಯಲ್ಲಿ ತಮ್ಮ ಸಂಬಂಧಿಕರ ಕಟ್ಟಿಗೆ ಗಾಡಿಗಳ ಕೆಲಸಕ್ಕೆ ಹಚ್ಚಿದರು. ಯಜಮಾನರು ಅಲ್ಲಿ ದಿಮ್ಮಿ ಏರಿಸಿದರು, ಹಗ್ಗ ಬಿಗಿದರು. ಅವರು ಹಾಕಿದ ಗಂಟು ಘಾಟಿನ ರಸ್ತೆಯಲ್ಲೂ ಸಡಿಲುವುದಿಲ್ಲ ಎಂದು ಗಾಡಿಯವರು ಹೇಳುತ್ತಿದ್ದರು. ಕಿರವತ್ತಿಯಲ್ಲಿ ಹೊಳೆ ಇಲ್ಲ. ಅದು ಒಳ್ಳೆಯದೇ ಆಯಿತು ಎಂದು ನಾನು ಅಂದುಕೊಂಡೆ.

ಚೌಡಪ್ಪನ ಮೇಲೆ ಅವರು ಒಂದು ಕೆಟ್ಟ ಮಾತು ಆಡಲಿಲ್ಲ. ಅವನು ದೀಪಾವಳಿಗೆ ಸೀರೆ ಕಳಿಸಿದರೆ ನಾನು ತಿರುಗಿ ಕಳಿಸುತ್ತಿದ್ದೆ, ಅದಕ್ಕೂ ಅವರು ಏನೂ ಅನ್ನಲಿಲ್ಲ. ಒಂದು ದಿನ ಮಾತ್ರ ಹಗ್ಗ ಹೊಸೆಯುತ್ತ ಕೂತವರು ಕೇಳಿದರು, "ಮೊದಮೊದಲು ಅಂವ ನೀರಿಗೆ ಕೈ ಮುಗೀತಿದ್ನಲ್ಲ. ಅದೂ ಸುಳ್ಳ ಇತ್ತೇನು?"

ನಾನು ಎತ್ತಿ ಆಡಿಸಿದ ಮಗು. ಅವನ ಕೈ ಹಿಡಿದು ಮುಗಿಯಲು ಕಲಿಸಿದವಳೂ ನಾನೇ. ಒಲೆಯ ಕಟ್ಟಿಗೆ ಮುಂದೆ ದೂಡಿದೆ.

ಕಂಬ ನಿಲ್ಲುವ ಮೊದಲು ಕಡವಿನವನು ಮಾತಾಡಿದರೆ ಗಂಗವ್ವ ಒಂದು ಜೀವ ಕೇಳುತ್ತಾಳೆ ಎಂದೆನಲ್ಲ. ಆ ವರ್ಷ ಕೇಳಲಿಲ್ಲ. ಮರುವರ್ಷವೂ ಕೇಳಲಿಲ್ಲ. ಚೌಡಪ್ಪನ ಕಡವಿನಲ್ಲಿ ಇಂದಿನವರೆಗೆ ಯಾರೂ ಮುಳುಗಿದ್ದಿಲ್ಲ, ಮುಳುಗುವುದೂ ಬೇಡ. ಆದರೆ ಮಳೆ ನಿಂತ ಕಾಲದಲ್ಲಿ ಬನವಾಸಿಯ ಕಡೆಯ ಗಾಡಿ ಯಾವುದಾದರೂ ಕಿರವತ್ತಿಗೆ ಬಂದರೆ ಯಜಮಾನರು ಹತ್ತಿರ ಹೋಗಿ ನಿಲ್ಲುತ್ತಿದ್ದರು.

"ಹೊಳಿಯಾಗ ಕಂಬ ನಿಂತಾವೇನು?" ಎಂದು ಕೇಳುತ್ತಿದ್ದರು.

"ನಿಂತಾವ, ಚಂದ ನಿಂತಾವ," ಎನ್ನುತ್ತಿದ್ದ ಗಾಡಿಯವನು.

"ಎಲ್ಲಾರೂ ಚಲೋ ಅದಾರ?"

"ಅದಾರ."

ಅವರು ತಲೆ ಆಡಿಸಿ, ಬಂದು ತಮ್ಮ ಹಗ್ಗದ ಮುಂದೆ ಕೂರುತ್ತಿದ್ದರು. ಆ ದಿನ ಮತ್ತೆ ಮಾತಾಡುತ್ತಿರಲಿಲ್ಲ.